ಅಕ್ಕನ ಇಟಲಿ ನೈವೇದ್ಯ

ಅಕ್ಕ ಹೋದ ಸುದ್ದಿಯನ್ನು ನನಗೆ ಹೇಳಿದವರು ಅವರ ಗಂಡ ಡಾಕ್ಟರೇ. "ಬೆಳಿಗ್ಗೆ ಹೋದ್ಲಮ್ಮ. ನಿದ್ದೆಯಲ್ಲೇ. ಕಷ್ಟ ಪಡ್ಲಿಲ್ಲ," ಎಂದರು. ಆಮೇಲೆ ಅವರೇ, "ನಿಂದು ಊಟ ಆಯ್ತಾ?" ಎಂದು ಕೇಳಿದರು. ಅದು ಅಕ್ಕ ಕೇಳುತ್ತಿದ್ದ ಪ್ರಶ್ನೆ. ಆ ಮನೆಯಿಂದ ಫೋನ್ ಬಂದರೆ ಹಲೋಗಿಂತ ಮೊದಲು ಬರುತ್ತಿದ್ದದ್ದು ಅದೇ. ಅಲ್ಲಿಯತನಕ ಅಳು ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ.

ಅಕ್ಕನ ಹೆಸರು ಬರೆಯುವುದಿಲ್ಲ. ಬರೆದರೆ "ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ" ಎಂದು ಬೈಯುತ್ತಿದ್ದರು. ವುಲ್ವರ್‌ಹ್ಯಾಂಪ್ಟನ್ ಎಂಬ ಇಂಗ್ಲೆಂಡಿನ ಊರಿನ ಕನ್ನಡದವರಿಗೆಲ್ಲ ಅವರು ಬರೀ ಅಕ್ಕ. ಉಡುಪಿ ಕಡೆಯವರು. ಗಂಡ ಹೆಂಡತಿ ತಮ್ಮೊಳಗೆ ತುಳು, ನಮ್ಮ ಜೊತೆ ಕನ್ನಡ, ಮಗಳ ಜೊತೆ ಎರಡೂ. ಮಗಳು ಮಾತ್ರ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಅಕ್ಕ ಐದು ಅಡಿ ಇದ್ದರೋ ಇಲ್ಲವೋ. ಸೀರೆಯ ಮೇಲೆ ಗಂಡನ ಹಳೆಯ ಕಾರ್ಡಿಗನ್ ಹಾಕಿ, ತೋಳನ್ನು ಮೊಣಕೈವರೆಗೆ ಮಡಚಿಕೊಂಡು ಓಡಾಡುತ್ತಿದ್ದರು. ಮೂಗು ಮಾತ್ರ ಉದ್ದ, ಅದರಲ್ಲಿ ಬಿಳಿ ಹರಳಿನ ಮೂಗುತಿ. ಗಂಡ ಅಲ್ಲಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು. "ಇವರು ನನ್ನ ಮೂಗು ನೋಡಿಯೇ ಮದುವೆ ಆದದ್ದು, ಪರೀಕ್ಷೆಗೆ ಓದ್ಲಿಕ್ಕೆ ಬೇಕಾಗ್ತದೆ ಅಂತ," ಎಂದು ಅಕ್ಕ ಗಂಡನ ಎದುರೇ ಹೇಳುತ್ತಿದ್ದರು. ಡಾಕ್ಟರು ಪೇಪರಿನ ಹಿಂದಿನಿಂದಲೇ ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಮದುವೆಯಾಗಿ ಆ ಊರಿಗೆ ಬಂದೆ. ನನ್ನ ಗಂಡನಿಗೆ ಅದೇ ಆಸ್ಪತ್ರೆಯಲ್ಲಿ ಜೂನಿಯರ್ ಕೆಲಸ. ಆಸ್ಪತ್ರೆಯ ಡ್ಯೂಟಿ ಪಟ್ಟಿ, ರೋಟ ಎಂಬ ಹೊಸ ಸವತಿಯ ಪರಿಚಯ ಮೊದಲ ವಾರವೇ ಆಯಿತು. ಇವರು ಡ್ಯೂಟಿಗೆ ಹೋದರೆ ಕ್ವಾರ್ಟರ್ಸಿನ ಆ ಒಂದು ಕೋಣೆಯಲ್ಲಿ ಕಿಟಕಿ, ನಾನು, ಹೀಟರ್. ಎರಡನೆಯ ದಿನವೇ ಫೋನ್ ಬಡಿದುಕೊಂಡಿತು. "ಊಟ ಆಯ್ತಾ? ಎಂಥ ಮಾಡಿದ್ದಿ? ಬ್ರೆಡ್ಡಾ? ಅದನ್ನು ಊಟ ಅಂತ ಹೇಳ್ತಾರಾ? ಅಲ್ಲೇ ಇರು, ಡಾಕ್ಟ್ರನ್ನು ಕಳಿಸ್ತೇನೆ." ಯಾರು, ಏನು, ಒಂದೂ ಹೇಳದೆ ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಕಾರು ಬಂತು. ಅಕ್ಕನ ಮನೆಯ ಬಾಗಿಲು ತೆಗೆದ ಕೂಡಲೇ ಡಿಕಾಕ್ಷನ್ನಿನ ಘಮ ಮುಖಕ್ಕೆ ಹೊಡೆಯಿತು. ನಮ್ಮಮ್ಮನ ಮನೆಗೇ ಬಂದೆನೇನೋ ಅನ್ನಿಸಿ ಹೊಸಿಲಲ್ಲೇ ನಿಂತುಬಿಟ್ಟೆ.

ಅಕ್ಕ ಅಡುಗೆ ಮಾಡುತ್ತಿದ್ದದ್ದು ಮೂಗಿನಿಂದ. ನಿಜವಾಗಿಯೂ. ಸಾರು ಕುದಿಯುವಾಗ ಪಾತ್ರೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದು, "ಉಪ್ಪು ಸಾಲದು," ಎನ್ನುತ್ತಿದ್ದರು. ಉಪ್ಪಿಗೆ ಎಲ್ಲಿಯ ವಾಸನೆ ಅಕ್ಕ ಎಂದರೆ, "ಉಪ್ಪು ಕಡಿಮೆ ಆದ್ರೆ ಸಾರಿನ ವಾಸನೆಯೇ ಬೇರೆ ಬರ್ತದೆ, ಗೊತ್ತಿಲ್ವಾ ನಿನಗೆ?" ಎಂದು ನನ್ನನ್ನೇ ದಡ್ಡಿ ಮಾಡುತ್ತಿದ್ದರು. ನಾಲಿಗೆಗೆ ಹನಿ ಹಾಕಿಕೊಂಡು ನೋಡುವ ಮಾತೇ ಇಲ್ಲ. ಅವರ ತಾಯಿಯ ಮನೆಯ ಪದ್ಧತಿ ಹಾಗಿತ್ತು. ಮಾಡಿದ್ದನ್ನು ಮೊದಲು ದೇವರ ಎದುರು ಇಡಬೇಕು, ಅದಕ್ಕಿಂತ ಮೊದಲು ರುಚಿ ನೋಡಿದರೆ ಎಂಜಲು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಅವರ ದೇವರು ಅಡುಗೆಮನೆಯ ಮೂಲೆಯ ಕಪಾಟಿನಲ್ಲಿದ್ದ, ಪಕ್ಕದಲ್ಲಿ ಬಾಯ್ಲರು. "ಬೆಚ್ಚಗಿದ್ದಾನೆ, ಅವನಿಗೆಂಥ ಕಷ್ಟ," ಎನ್ನುತ್ತಿದ್ದರು.

ಆ ಕಪಾಟಿನ ದೇವರಿಗೆ ತಿರಾಮಿಸು ಎಂಬ ಇಟಲಿಯ ಸಿಹಿ ನೈವೇದ್ಯ ಆಗುತ್ತಿತ್ತು ಎಂದರೆ ನೀವು ನಂಬಬೇಕು.

ಅದರ ಕಥೆ ಹೀಗೆ. ಒಮ್ಮೆ ಡಾಕ್ಟರಿಗೆ ಇಟಲಿಯಲ್ಲಿ ಕಾನ್ಫರೆನ್ಸ್ ಇತ್ತು, ಅಕ್ಕನೂ ಜೊತೆಗೆ ಹೋದರು. ಮೊಟ್ಟೆ ಮುಟ್ಟದ ಅಕ್ಕನಿಗೆ ಅಲ್ಲಿ ಹಣ್ಣು, ಬ್ರೆಡ್ಡು ಬಿಟ್ಟರೆ ಗತಿಯಿಲ್ಲ. ಒಂದು ಸಂಜೆ ಡಾಕ್ಟರು ಹೋಟೆಲಿನಲ್ಲಿ ಈ ಸಿಹಿ ತರಿಸಿಕೊಂಡರು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಅದರ ಮೇಲೆ ಕೆನೆಯಂಥ ಚೀಸು, ಮೇಲೆ ಕೋಕೋ ಪುಡಿ. ಒಳಗೆ ಹಸಿ ಮೊಟ್ಟೆಯೂ ಇದೆ, ರಮ್ಮೂ ಇದೆ. ಅಕ್ಕ ತಟ್ಟೆಯನ್ನು ಎಳೆದುಕೊಂಡು ಮೂಗಿನ ಹತ್ತಿರ ಹಿಡಿದರಂತೆ. ಹೋಟೆಲಿನ ಹುಡುಗ ಗಾಬರಿಯಾಗಿ, ಏನಾದರೂ ಕೆಟ್ಟಿದೆಯೇ ಎಂದು ಓಡಿ ಬಂದನಂತೆ. "ನಾನು ತಿಂದೆ, ಇವಳು ಮೂಸಿದ್ಲು. ಮನೆಗೆ ಬಂದು ಮೂಸಿದ್ದನ್ನೇ ಮಾಡಿಟ್ಲು," ಎಂದು ಡಾಕ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಅಷ್ಟು ಉದ್ದ ಮಾತಾಡುತ್ತಿದ್ದದ್ದು ಆ ಒಂದು ವಿಷಯಕ್ಕೆ ಮಾತ್ರ.

ಅಕ್ಕ ಅದಕ್ಕೆ "ಆ ಇಟಲಿದು" ಎನ್ನುತ್ತಿದ್ದರು. ಹೆಸರು ಗೊತ್ತಿರಲಿಲ್ಲವೆಂದಲ್ಲ, ಅಷ್ಟು ಬಾಯಿ ತಿರುಗಿಸುವ ಅಗತ್ಯ ಕಾಣಲಿಲ್ಲ. ಸೂಪರ್‌ಮಾರ್ಕೆಟ್ಟಿನ ಬಿಸ್ಕತ್ತಿನಲ್ಲಿ ಮೊಟ್ಟೆ ಇರುವುದರಿಂದ ದೇಸಿ ಅಂಗಡಿಯ ಮೊಟ್ಟೆಯಿಲ್ಲದ ರಸ್ಕು. ಹಸಿ ಮೊಟ್ಟೆಯ ಬದಲು ಕಸ್ಟರ್ಡ್ ಪೌಡರ್ ಹಾಕಿ ಗಟ್ಟಿಯಾಗಿ ಕಾಯಿಸಿದ ಹಾಲು. ಅದು ತಣಿದ ಮೇಲೆ ಮಸ್ಕರ್ಪೋನೆ ಎಂಬ ಆ ಚೀಸು, ಕಡೆದ ಕ್ರೀಮು, ಸಕ್ಕರೆಪುಡಿ ಸೇರಿಸಿ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು. ಕಾಫಿಗೆ ಮಾತ್ರ ರಾಜಿಯಿಲ್ಲ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಚಿಕೋರಿ ಬೆರೆಸಿದ ಕಾಫಿಪುಡಿ, ಸ್ಟೀಲಿನ ಫಿಲ್ಟರು, ಮೊದಲ ಡಿಕಾಕ್ಷನ್. ರಸ್ಕನ್ನು ಅದರಲ್ಲಿ ಅದ್ದುವ ಕೆಲಸ ನನ್ನದು. ನಾನು ಸ್ವಲ್ಪ ತಡ ಮಾಡಿದರೆ, "ಅದ್ದಿ ತೆಗಿ ಮಾರಾಯ್ತಿ, ಮೀಯಿಸ್ಬೇಡ!" ಎಂದು ಬೆನ್ನಿಗೆ ಗುದ್ದುತ್ತಿದ್ದರು. ಗಾಜಿನ ಪಾತ್ರೆಯಲ್ಲಿ ಒಂದು ಸಾಲು ರಸ್ಕು, ಒಂದು ಪದರ ಕೆನೆ, ಮತ್ತೆ ರಸ್ಕು, ಮತ್ತೆ ಕೆನೆ. ಮೇಲೆ ಚಹಾ ಸೋಸುವ ಜರಡಿಯಲ್ಲಿ ಕೋಕೋ. ಮಾರನೆಯ ದಿನ ಒಂದು ಬಟ್ಟಲು ದೇವರ ಕಪಾಟಿಗೆ ಹೋಗುತ್ತಿತ್ತು. ಇಟಲಿಯದ್ದು ದೇವರಿಗೆ ಆಗುತ್ತದಾ ಅಕ್ಕ ಎಂದು ನಾನು ಕೆಣಕಿದರೆ, "ಹಾಲು, ಕೆನೆ, ಸಕ್ಕರೆ. ಮೊಟ್ಟೆ ಇಲ್ಲ, ಹೆಂಡ ಇಲ್ಲ. ಅವನಿಗೆಂಥ ತಕರಾರು?" ಎನ್ನುತ್ತಿದ್ದರು.

ನಾನು ಬಂದ ಮರುವರ್ಷದ ಚಳಿಗಾಲದಲ್ಲಿ ಅಕ್ಕ ಬಿದ್ದರು. ಡಾಕ್ಟರಿಗೆ ಬೆಳ್ಳಂಬೆಳಗ್ಗೆ ಆಸ್ಪತ್ರೆಯಿಂದ ಕರೆ ಬಂದಿತ್ತು. ಹೊರಗೆ ಮೆಟ್ಟಿಲ ಮೇಲೆ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಇಲ್ಲಿ ಅಂಥ ದಿನ ಹೆಪ್ಪು ಕರಗಲೆಂದು ಮೆಟ್ಟಿಲಿಗೆ ಕಲ್ಲುಪ್ಪು ಎರಚುತ್ತಾರೆ. ಉಪ್ಪಿನ ಚೀಲ ಗ್ಯಾರೇಜಿನಲ್ಲೇ ಇತ್ತು. ಡಾಕ್ಟರು ಅವಸರದಲ್ಲಿ ಹುಷಾರಾಗಿ ಇಳಿದು, ಬಂದ ಮೇಲೆ ಹಾಕಿದರಾಯಿತು ಎಂದು ಹೋಗಿಬಿಟ್ಟರು. ಅಕ್ಕ ಹಾಲಿನ ಬಾಟಲಿ ತೆಗೆದುಕೊಳ್ಳಲು ಹೊರಗೆ ಕಾಲಿಟ್ಟವರು ಜಾರಿ ಬಿದ್ದರು. ತಲೆಯ ಹಿಂಭಾಗ ಮೆಟ್ಟಿಲಿಗೆ ಬಡಿಯಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದರು. ಸ್ಕ್ಯಾನು, ಹೊಲಿಗೆ, ಎಲ್ಲ ಆಯಿತು. ಮನೆಗೆ ಬಂದ ಮೇಲೆ ನೋಡಲು ಹೋದಾಗ ಅಕ್ಕ ಸೋಫಾದಲ್ಲಿ ಕೂತು ನನಗೇ ಉಪಚಾರ ಮಾಡುತ್ತಿದ್ದರು. ಡಾಕ್ಟರು ಮಾತ್ರ ಬಾಗಿಲಲ್ಲಿ ನಿಂತು, "ಎರಡು ಹಿಡಿ ಉಪ್ಪು ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ನನಗೆ?" ಎಂದರು. ನನ್ನನ್ನು ಕೇಳಿದ್ದೋ, ಮೆಟ್ಟಿಲನ್ನು ಕೇಳಿದ್ದೋ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಅಕ್ಕ ನನ್ನನ್ನು ಕರೆಯುವುದು ಹೆಚ್ಚಾಯಿತು. "ಬಾ, ಒಬ್ಬಳೇ ಅಡುಗೆ ಮಾಡ್ಲಿಕ್ಕೆ ಬೇಜಾರು." ನಾನು ಹೋದರೆ ಒಗ್ಗರಣೆ ನನ್ನ ಕೈಗೆ. "ಸಾಕಾ ನೋಡು, ಆಯ್ತಾ ನೋಡು, ನೀನೂ ಕಲೀಬೇಕಲ್ಲ." ಅಕ್ಕ ಕಡೆಗೂ ನನ್ನ ಅಡುಗೆಯನ್ನು ಒಪ್ಪಿಕೊಂಡರು ಎಂದು ನಾನು ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ.

ದೀಪಾವಳಿಗೆ ಅಕ್ಕನ ಮನೆಯಲ್ಲಿ ಎಲ್ಲರೂ ಸೇರುವುದು ವಾಡಿಕೆ. ಅಕ್ಕ ಬಿದ್ದ ಮೇಲಿನ ಮೊದಲ ದೀಪಾವಳಿಗೆ ನನಗೆ ಜ್ವರ ಬಂದು ಹಿಂದಿನ ದಿನ ಸಹಾಯಕ್ಕೆ ಹೋಗಲಾಗಲಿಲ್ಲ. ಊಟ ಚೆನ್ನಾಗಿಯೇ ನಡೆಯಿತು. ಕೊನೆಗೆ ಆ ಇಟಲಿದು ಬಂತು. ಮೊದಲ ಚಮಚ ಬಾಯಿಗಿಟ್ಟೆ. ಕಾಫಿ ಬಂತು, ಕೆನೆ ಬಂತು, ಅದರ ಹಿಂದೆಯೇ ಜೀರಿಗೆ ಬಂತು, ಓಮ ಬಂತು, ಉಪ್ಪೂ ಬಂತು. ಅಯ್ಯೋ ರಾಮ! ಸುತ್ತ ನೋಡಿದೆ. ಎಲ್ಲರ ಬಾಯಿ ನಿಂತುಹೋಗಿತ್ತು. ಧಾರವಾಡದ ಅತಿಥಿಯೊಬ್ಬರು ಕಷ್ಟಪಟ್ಟು ನುಂಗಿ, "ಈ ಸರತಿ ಭಾಳ ಬ್ಯಾರೆ ಐತ್ರಿ ಅಕ್ಕಾರ," ಎಂದರು. ಅಕ್ಕನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಅಷ್ಟರಲ್ಲಿ ಡಾಕ್ಟರು ತಟ್ಟೆ ಮುಂದೆ ಚಾಚಿ, "ಬೇರೆ ಎಂಥದ್ದು, ಚೆನ್ನಾಗುಂಟು. ನನಗೆ ಇನ್ನೊಂದು ಸ್ವಲ್ಪ ಹಾಕು," ಎಂದರು. ಹಾಕಿಸಿಕೊಂಡು ಪೂರ್ತಿ ತಿಂದರು. ಮನೆಯ ಯಜಮಾನರೇ ತಿಂದ ಮೇಲೆ ಉಳಿದವರಿಗೆ ಬೇರೆ ದಾರಿಯಿರಲಿಲ್ಲ. ಎಲ್ಲರೂ ನೀರು ಕುಡಿಯುತ್ತ ಮುಗಿಸಿದರು.

ನಾನು ಅಡುಗೆಮನೆಗೆ ಹೋಗಿ ರಸ್ಕಿನ ಸ್ಟೀಲು ಡಬ್ಬ ತೆಗೆದೆ. ಮುಚ್ಚಳ ಬಿಚ್ಚಿದ್ದೇ ತಡ, ಜೀರಿಗೆ ಓಮದ ವಾಸನೆ ಘಮ್ಮೆಂದಿತು. ಡಾಕ್ಟರು ಅಂಗಡಿಯಲ್ಲಿ ಸಿಹಿ ರಸ್ಕಿನ ಪಕ್ಕದಲ್ಲಿದ್ದ ಜೀರಿಗೆ ರಸ್ಕಿನ ಪ್ಯಾಕೆಟ್ಟು ತಂದು ಡಬ್ಬಕ್ಕೆ ಸುರಿದಿದ್ದರು. ಅಕ್ಕ ಪ್ಯಾಕೆಟ್ಟು ನೋಡಿರಲೇ ಇಲ್ಲ. ಜೀರಿಗೆ ಕಣ್ಣಿಗೆ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ನೋಡಿದರೆ ಕಾಣುತ್ತದೆ. ಕನ್ನಡಕ ಹಾಕಿಕೊಂಡು ಡಬ್ಬ ನೋಡುವ ಅಭ್ಯಾಸ ಆ ಹೆಂಗಸಿಗೆ ಜನ್ಮದಲ್ಲಿ ಇರಲಿಲ್ಲ. ದೇವರ ಮುಂದೆ ಇಡುವ ಮೊದಲು ನಾಲಿಗೆಗೆ ಮುಟ್ಟಿಸುವ ಅಭ್ಯಾಸವೂ ಇರಲಿಲ್ಲ.

ಅಷ್ಟರಲ್ಲಿ ಅಕ್ಕ ಒಳಗೆ ಬಂದರು. ನಾನು ಡಬ್ಬವನ್ನು ಅವರ ಮೂಗಿನ ಕೆಳಗೆ ಹಿಡಿದು, "ಇದೇನು ವಾಸನೆ ಹೇಳಿ ಅಕ್ಕ," ಎಂದೆ. ಅವರು ಡಬ್ಬ ನೋಡಲಿಲ್ಲ, ನನ್ನ ಮುಖ ನೋಡಿದರು. "ರಸ್ಕಿನದ್ದು," ಎಂದರು. ಆಮೇಲೆ ಕಾರ್ಡಿಗನ್ನಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಡಬ್ಬದೊಳಗೆ ಬಗ್ಗಿ ನೋಡಿದರು. ಜೀರಿಗೆ ಕಂಡಿತು. ಡಬ್ಬದ ಮುಚ್ಚಳ ಹಾಕಿ ಸ್ಟೂಲಿನ ಮೇಲೆ ಕೂತರು.

"ಎಷ್ಟು ದಿನದಿಂದ ವಾಸನೆ ಗೊತ್ತಾಗ್ತಿಲ್ಲ ಅಕ್ಕ?"

"ಬಿದ್ದೆನಲ್ಲ, ಆವತ್ತಿಂದ." ಸೆರಗಿನಿಂದ ಮೂಗು ಒರೆಸಿಕೊಂಡರು. "ಸಿಹಿ ಗೊತ್ತಾಗ್ತದೆ, ಕಹಿ ಗೊತ್ತಾಗ್ತದೆ. ಕಾಫಿ ಮಾತ್ರ ಇಲ್ಲ. ಕಹಿ ಬಿಸಿನೀರು ಕುಡಿದ ಹಾಗೆ."

"ಡಾಕ್ಟರಿಗೆ ಹೇಳಿ ಅಕ್ಕ. ಅವರ ಕೆಲಸವೇ ಅದು ಅಲ್ವಾ!"

"ಅದಕ್ಕೇ ಹೇಳ್ಬಾರ್ದು. ತಲೆಗೆ ಪೆಟ್ಟಾಗಿ ಹೋದ ವಾಸನೆ ತಿರುಗಿ ಬರುದು ಅಪರೂಪ ಅಂತ ಅವರು ಯಾರಿಗೋ ಹೇಳುದನ್ನು ನಾನೇ ಹಿಂದೆ ಕೇಳಿದ್ದೇನೆ. ಉಪ್ಪು ಹಾಕ್ಲಿಲ್ಲ, ಉಪ್ಪು ಹಾಕ್ಲಿಲ್ಲ ಅಂತ ಈಗಲೂ ಹಲುಬ್ತಾರೆ. ಗಾಯ ಮಾಸಿತಲ್ಲ ಅಂತ ಒಂದು ಸಮಾಧಾನ ಉಂಟು. ಇದೊಂದು ಗೊತ್ತಾದ್ರೆ ಆ ಮನುಷ್ಯ ನನ್ನ ಕೈಯಿಂದ ಒಂದು ತುತ್ತು ನೆಮ್ಮದಿಯಾಗಿ ಉಣ್ಣುದಿಲ್ಲ. ನೀನು ಬಾಯಿ ಬಿಟ್ಟರೆ ನನ್ನಾಣೆ ಉಂಟು, ನೋಡು."

ನಾನು ಅವರ ಕೈ ಹಿಡಿದುಕೊಂಡು ಆಯಿತು ಎಂದೆ. ನನ್ನ ಒಗ್ಗರಣೆಯ ಜಂಬವೆಲ್ಲ ಅಲ್ಲೇ ಇಳಿಯಿತು. ಅವರಿಗೆ ಬೇಕಾಗಿದ್ದದ್ದು ನನ್ನ ಮೂಗು.

ಆ ಸಂಜೆ ನನ್ನ ಗಂಡ ಡ್ಯೂಟಿಯಲ್ಲಿದ್ದರು. ನನ್ನನ್ನು ಮನೆಗೆ ಬಿಡಲು ಡಾಕ್ಟರು ಕಾರು ತೆಗೆದರು. ಟ್ರಾಫಿಕ್ ಲೈಟಿನಲ್ಲಿ ನಿಂತಾಗ, ರಸ್ತೆಯಿಂದ ಕಣ್ಣು ತೆಗೆಯದೆ, "ಅವಳು ಹೇಳಿದ್ಲಾ ನಿನಗೆ?" ಎಂದರು.

"ಏನನ್ನು ಡಾಕ್ಟ್ರೇ?" ಎಂದೆ. ನಾನು ಸುಳ್ಳು ಹೇಳುವುದರಲ್ಲಿ ಬಲು ಹಿಂದೆ.

"ಹೇಳಿರ್ಬೇಕು. ಒಳ್ಳೇದಾಯ್ತು, ಒಬ್ಬರಿಗಾದ್ರೂ ಹೇಳಿದ್ಲಲ್ಲ. ನನಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತಮ್ಮ. ಮನೆಯಿಂದ ಫ್ಲಾಸ್ಕಲ್ಲಿ ಕಾಫಿ ತಗೊಂಡು ಹೋಗಿದ್ದೆ. ಅವಳು ಲೋಟ ಮೂಗಿನ ಹತ್ರ ಹಿಡೀದೆ ಸೀದಾ ಕುಡಿದ್ಲು. ಮದುವೆ ಆದಾಗಿಂದ ಹಾಗೆ ಕುಡಿದದ್ದು ನೋಡಿದವನಲ್ಲ ನಾನು." ಲೈಟು ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯುವವರೆಗೂ ಅವರು ಹೊರಡಲಿಲ್ಲ. "ನನಗೆ ಬೇಸರ ಆಗ್ತದೆ ಅಂತ ಮುಚ್ಚಿಟ್ಟಿದ್ದಾಳೆ. ನನಗೆ ಗೊತ್ತು ಅಂದ್ರೆ ಅವಳಿಗೆ ವಾಸನೆ ಹೋದ ದುಃಖದ ಮೇಲೆ ನನ್ನ ದುಃಖವೂ ಬಂತು. ಯಾಕೆ ಬೇಕು? ನೀನು ಹೇಳ್ಬೇಡ."

ನೋಡಿ ನನ್ನ ಅವಸ್ಥೆ! ಒಂದೇ ಸಂಜೆ ಗಂಡ ಹೆಂಡತಿ ಇಬ್ಬರೂ ಸೇರಿ ನನ್ನ ಬಾಯಿಗೆ ಬೀಗ ಜಡಿದರು, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು.

ಆಮೇಲಿನ ವರ್ಷಗಳಲ್ಲಿ ನಾನು ಅಕ್ಕನ ಮೂಗಾದೆ. ಹಾಲು ಒಡೆದಿದೆಯೇ, ತುಪ್ಪ ಕಾದಿದೆಯೇ, ಮೊಸರು ಹಳತಾಗಿದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಅಕ್ಕನೂ ಸುಮ್ಮನೆ ಕೂರಲಿಲ್ಲ. ಸಾಸಿವೆ ಸಿಡಿಯುವ ಸದ್ದು, ಹುರಿಯುವ ರವೆ ಸೌಟಿಗೆ ಹಗುರಾಗುವುದು, ಡಿಕಾಕ್ಷನ್ನಿನ ಬಣ್ಣ ಎಲ್ಲವನ್ನೂ ಹೊಸದಾಗಿ ಕಲಿತರು. ಆ ವಯಸ್ಸಿನಲ್ಲಿ, ಯಾರಿಗೂ ಹೇಳದೆ. ದೇವರಿಗಿಂತ ಮೊದಲು ರುಚಿ ನೋಡುವುದನ್ನು ಮಾತ್ರ ಕಲಿಯಲಿಲ್ಲ. "ನೋಡಿದ್ರೂ ಪೂರ್ತಿ ಗೊತ್ತಾಗುದಿಲ್ಲ, ಮತ್ತೆ ಪಾಪ ಯಾಕೆ ಕಟ್ಟಿಕೊಳ್ಳುದು?" ಎಂದು ನಗುತ್ತಿದ್ದರು.

ಡಾಕ್ಟರದ್ದು ಇನ್ನೊಂದು ನಾಟಕ. ಗ್ಯಾಸಿನ ಒಲೆ ತೆಗೆಸಿ ಕರೆಂಟಿನದು ಹಾಕಿಸಿದರು, "ಇನ್ಶೂರೆನ್ಸಿನವರು ಹೇಳಿದ್ರು." ಅಡುಗೆಮನೆಗೆ ಹೊಗೆಯ ಅಲಾರಂ ಬಂತು, "ಕೌನ್ಸಿಲಿನವರು ಹೇಳಿದ್ರು." ಕೌನ್ಸಿಲು, ಅಂದರೆ ನಗರಸಭೆ, ಇವರ ಮನೆಯ ಮೇಲೆ ಯಾಕಿಷ್ಟು ಪ್ರೀತಿ ಇಟ್ಟಿದೆ ಎಂದು ಕೇಳುವ ಹಾಗೂ ಇಲ್ಲ. ಮುಂದಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ ಮನುಷ್ಯ ಕುರ್ಚಿ ತಂದು ಒಲೆಯ ಪಕ್ಕ ಹಾಕಿಕೊಂಡರು, "ಇಲ್ಲಿ ಬೆಳಕು ಒಳ್ಳೇದುಂಟು." ಏನಾದರೂ ತಳ ಹಿಡಿಯುವ ವಾಸನೆ ಬಂದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಒಲೆ ತಗ್ಗಿಸಿ ಬಂದು ಕೂರುತ್ತಿದ್ದರು. ನಾನು ಅಲ್ಲೇ ನಿಂತು ತರಕಾರಿ ಹೆಚ್ಚುತ್ತ ತುಟಿ ಕಚ್ಚಿಕೊಳ್ಳುತ್ತಿದ್ದೆ.

ನನ್ನ ಗಂಡನಿಗೆ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸ ಸಿಕ್ಕಾಗ ನನಗೆ ಖುಷಿಗಿಂತ ಚಿಂತೆ ಹೆಚ್ಚಾಯಿತು. ಹೊರಡುವ ವಾರ ಅಕ್ಕನ ಜೊತೆ ಕೊನೆಯ ಸಲ ಆ ಇಟಲಿದು ಮಾಡಿದೆ. ಡಾಕ್ಟರು ಆಸ್ಪತ್ರೆಗೆ ಹೋಗಿದ್ದರು. ರಸ್ಕು ಅದ್ದುತ್ತ ಅದ್ದುತ್ತ ನನಗೆ ಅಳು ಬಂತು. "ಇನ್ನು ಯಾರು ನೋಡಿ ಹೇಳ್ತಾರೆ ಅಕ್ಕ ನಿಮಗೆ?" ಎಂದೆ.

"ಡಾಕ್ಟ್ರು ಇದ್ದಾರಲ್ಲ," ಎಂದರು, ಕೆನೆ ತಿರುಗಿಸುವುದನ್ನು ನಿಲ್ಲಿಸದೆ.

ನನ್ನ ಕೈಯ ರಸ್ಕು ಡಿಕಾಕ್ಷನ್ನಿನಲ್ಲಿ ಮುಳುಗಿತು.

"ಸಾರಿಗೆ ಒಂದು ಕಲ್ಲು ಉಪ್ಪು ಜಾಸ್ತಿ ಆದ್ರೆ ತಟ್ಟೆ ಸರಿಸುವ ಮನುಷ್ಯ. ಆವತ್ತು ಜೀರಿಗೆ ಹಾಕಿದ ಇಟಲಿದನ್ನು ಎರಡು ಸಲ ಹಾಕಿಸಿಕೊಂಡು ತಿಂದ್ರು. ನನಗೆ ಗೊತ್ತಾಗುದಿಲ್ವಾ? ಕೌನ್ಸಿಲಂತೆ, ಇನ್ಶೂರೆನ್ಸಂತೆ! ಒಲೆಯ ಪಕ್ಕ ಬೆಳಕಂತೆ!" ಅಕ್ಕ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ನೀನು ಹೇಳ್ಬೇಡ ಮಾರಾಯ್ತಿ, ಯಾವತ್ತಿಗೂ. ನನಗೆ ಗೊತ್ತಾಗದ ಹಾಗೆ ನೋಡಿಕೊಳ್ತಾ ಇದ್ದೇನೆ ಅಂತ ಅವರಿಗೊಂದು ಸಮಾಧಾನ. ಆ ಮೆಟ್ಟಿಲಿನ ಲೆಕ್ಕಕ್ಕೆ ಅಷ್ಟಾದ್ರೂ ತೀರಿಸಿದೆ ಅಂತ ಇರ್ಲಿ ಅವರಿಗೆ. ಅದನ್ನು ನಾನು ಕಿತ್ತುಕೊಳ್ಳುದಾ?"

ನಾಟಿಂಗ್‌ಹ್ಯಾಮ್‌ನಿಂದ ಆಗಾಗ ಹೋಗಿ ಬರುತ್ತಿದ್ದೆ. ಇಬ್ಬರೂ ಅದೇ ಅಡುಗೆಮನೆಯಲ್ಲಿ, ಒಬ್ಬರು ಪಾತ್ರೆಯ ಮುಂದೆ, ಒಬ್ಬರು ಪೇಪರಿನ ಹಿಂದೆ. ಅಷ್ಟು ಚೆಂದವಾಗಿ ಸುಳ್ಳು ಹೇಳಿಕೊಂಡು ಬಾಳಿದ ಗಂಡ ಹೆಂಡತಿಯನ್ನು ನಾನು ಬೇರೆ ಕಂಡಿಲ್ಲ. ನನಗೆ ಅವರಿಬ್ಬರ ಮೇಲೂ ಹೊಟ್ಟೆಕಿಚ್ಚಾಗುವಷ್ಟು ಪ್ರೀತಿ.

ಸುದ್ದಿ ಬಂದ ಮಾರನೆಯ ದಿನ ಅನ್ನ, ಸಾರು ಮಾಡಿ ಡಬ್ಬಕ್ಕೆ ತುಂಬಿಕೊಂಡು ಹೊರಟೆ. ಬಾಗಿಲು ತೆಗೆದ ಮಗಳು, ಅಪ್ಪ ಹಿಂದಿನ ದಿನದಿಂದ ನೀರು ಬಿಟ್ಟರೆ ಏನನ್ನೂ ಮುಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಡಾಕ್ಟರು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಒಲೆ ಆರಿತ್ತು. ನಾನು ಡಬ್ಬ, ತಟ್ಟೆ ಮೇಜಿನ ಮೇಲಿಟ್ಟು ಎದುರು ಕೂತೆ. ಅವರು ತಲೆಯೆತ್ತಿ, "ಒಂದು ಕೇಳ್ಬೇಕಿತ್ತು ನಿನ್ನ ಹತ್ರ," ಎಂದರು.

"ಕೇಳಿ ಡಾಕ್ಟ್ರೇ."

"ನನಗೆ ಗೊತ್ತಿತ್ತು ಅಂತ ಅವಳಿಗೆ ಗೊತ್ತಾಗ್ಲಿಲ್ಲ ಅಲ್ವಾ?"

ನಾನು ಅವರ ಕಣ್ಣನ್ನೇ ನೋಡಿ, ಈ ಸಲ ಸ್ವಲ್ಪವೂ ತಡವರಿಸದೆ, "ಇಲ್ಲ ಡಾಕ್ಟ್ರೇ. ಕೊನೆತನಕ ಗೊತ್ತಾಗ್ಲಿಲ್ಲ," ಎಂದೆ.

ಅವರು ದೀರ್ಘವಾಗಿ ಉಸಿರುಬಿಟ್ಟರು. "ಸರಿ ಹಾಗಾದ್ರೆ. ಅದೊಂದಾದ್ರೂ ಸರಿಯಾಗಿ ಮಾಡಿದೆ ನಾನು," ಎಂದರು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, "ಅನ್ನ ಹಾಕಮ್ಮ," ಎಂದರು.